ಮಂಜಿಗೆ ಬಲೆ ಬೀಸಿದವರು

ನೀರಿಲ್ಲದ ಊರಿನ ನೆತ್ತಿಯ ಮೇಲೆಯೇ ನೀರು ತೇಲಿಹೋಗುವುದುಂಟು. ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರ ಕರಾವಳಿಯಲ್ಲಿ ಮಳೆ ಅತಿ ವಿರಳ. ಆದರೆ ಶಾಂತಸಾಗರದ ಕಡೆಯಿಂದ ಬರುವ 'ಕಮಂಚಾಕ' ಎಂಬ ದಟ್ಟ ಮಂಜು ಅಲ್ಲಿನ ಬೆಟ್ಟಗಳನ್ನು ಪದೇ ಪದೇ ಆವರಿಸುತ್ತದೆ. ಅದರ ಹನಿಗಳು ಅತಿ ಸೂಕ್ಷ್ಮವಾದುದರಿಂದ ಮಳೆಯಂತೆ ಸುರಿಯವು, ಗಾಳಿ ಒಯ್ದತ್ತ ಸಾಗುತ್ತವೆ. ತಡೆಯೊಂದು ಎದುರಾದಾಗ ಮಾತ್ರ ಅದಕ್ಕೆ ಅಂಟಿಕೊಂಡು, ಒಂದಕ್ಕೊಂದು ಕೂಡಿ, ಭಾರವಾಗಿ ಕೆಳಗಿಳಿಯುತ್ತವೆ.

ಕೆನರಿ ದ್ವೀಪಗಳಲ್ಲೊಂದಾದ ಎಲ್ ಹಿಯೆರೊದಲ್ಲಿ ಗರೊಯೆ ಎಂಬ ಮರವೊಂದು ಹೀಗೆಯೇ ಮಂಜನ್ನು ಹಿಡಿದು ಜನರ ದಾಹ ನೀಗುತ್ತಿತ್ತು. 1610ರ ಬಿರುಗಾಳಿಗೆ ಅದು ಉರುಳಿತು. ಮರದ ಆ ಕಾರ್ಯವನ್ನೇ ವಿಜ್ಞಾನವು ಬಲೆಗೆ ವಹಿಸಿತು.

ಚಿಲಿಯ ಚುಂಗುಂಗೊ ಒಂದು ಬಡ ಮೀನುಗಾರರ ಹಳ್ಳಿ. ಅಲ್ಲಿಗೆ ನೀರು ಲಾರಿಯಲ್ಲಿ ಬರಬೇಕಿತ್ತು. ಸಮೀಪದ ಎಲ್ ತೋಫೊ ಬೆಟ್ಟದ ಮೇಲೆ, ಕಬ್ಬಿಣದ ಗಣಿ ಮುಚ್ಚಿಹೋದ ಜಾಗದಲ್ಲಿ, ಚಿಲಿಯ ಕಥೋಲಿಕ ವಿಶ್ವವಿದ್ಯಾನಿಲಯದ ಪಿಲಾರ್ ಸೆರೆಸೆದಾ, ಕೆನಡಾದ ರಾಬರ್ಟ್ ಶೆಮೆನಾವರ್ ಮುಂತಾದವರು ಬಲೆಗಳನ್ನು ನಿಲ್ಲಿಸಿದರು. ಸಸಿಗಳಿಗೆ ನೆರಳು ಕೊಡಲು ಬಳಸುವಂಥ ಪ್ಲಾಸ್ಟಿಕ್ ಬಲೆಯೇ ಅದು. 12 ಮೀಟರ್ ಉದ್ದ, 4 ಮೀಟರ್ ಎತ್ತರ. ಬಲೆಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್ ನೀರು ದೊರಕಿತು. 75 ಬಲೆಗಳಿಂದ ಸುಮಾರು 11,000 ಲೀಟರ್! 1992ರಲ್ಲಿ ಆ ನೀರು ಕೊಳವೆಯಲ್ಲಿ ಹಳ್ಳಿಗೆ ಇಳಿಯಿತು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಗಾಳಿಯೂ ಇಳಿಜಾರೂ ಸಾಕಾದವು.

ಆದರೆ ಸುಮಾರು ಹತ್ತು ವರ್ಷಗಳಲ್ಲಿ ಆ ವ್ಯವಸ್ಥೆ ನಿಂತುಹೋಯಿತು. ಮಂಜು ಬರುವುದು ನಿಂತಿರಲಿಲ್ಲ. ಹರಿದ ಬಲೆಗಳನ್ನು ಹೊಲಿಯುವ ಹೊಣೆ ಯಾರದೆಂಬುದು ನೆಲೆಗೊಳ್ಳಲಿಲ್ಲ. ನೀರು ಬಂದ ಊರಿನಲ್ಲಿ ಜನಸಂಖ್ಯೆಯೂ ಬೆಳೆಯಿತು. ಹಳ್ಳಿ ಮತ್ತೆ ಲಾರಿಯ ದಾರಿ ಕಾಯಿತು.

ತತ್ತ್ವಶಾಸ್ತ್ರದಲ್ಲಿ ಉಪಾದಾನ ಕಾರಣ, ನಿಮಿತ್ತ ಕಾರಣವೆಂದು ನಾವು ಬೇರ್ಪಡಿಸಿ ಓದುತ್ತೇವೆ. ಮಣ್ಣು ಎಷ್ಟಿದ್ದರೂ ಕುಂಬಾರನಿಲ್ಲದೆ ಮಡಕೆಯಾಗದು. ಎಲ್ ತೋಫೊದಲ್ಲಿ ಮಂಜೆಂಬ ಮಣ್ಣಿಗೆ ಕೊರತೆಯಿರಲಿಲ್ಲ. ಬಲೆ ಹೊಲಿಯುವುದನ್ನೇ ಕಸುಬಾಗಿಸಿಕೊಂಡ ಊರಿನಲ್ಲಿ ಈ ಬಲೆ ಮಾತ್ರ ಯಾರದೂ ಆಗದೆ ಉಳಿಯಿತು.

ಮೊರಾಕ್ಕೊದ ಬೂತ್ಮೆಜ್ಗಿದಾ ಬೆಟ್ಟದ ಕಥೆ ಬೇರೆ. ಅಲ್ಲಿ ಹೆಂಗಸರು ನೀರಿಗಾಗಿ ದಿನಕ್ಕೆ ಸುಮಾರು 3 ತಾಸು ಕಳೆಯುತ್ತಿದ್ದರು. ದಾರ್ ಸಿ ಹಮದ್ ಎಂಬ ಸಂಸ್ಥೆ ಬಿರುಗಾಳಿಯನ್ನೂ ತಾಳುವ ಜರ್ಮನ್ ವಿನ್ಯಾಸದ ಬಲೆಗಳನ್ನು ಅಳವಡಿಸಿ, ಹಳ್ಳಿಯ ಮನೆಗಳಿಗೆ ನಲ್ಲಿ ತಂದಿತು. ನೀರಿನ ಬಳಕೆ, ವ್ಯವಸ್ಥೆಯ ದೋಷಗಳ ವರದಿ ಇವೆರಡರಲ್ಲೂ ಆ ಹೆಂಗಸರಿಗೇ ತರಬೇತಿ ನೀಡಿತು. 2016ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿ ಅದಕ್ಕೆ ಸಂದಿತು.

ದಾನವಾಗಿ ಬಂದುದನ್ನು ಉಳಿಸಿಕೊಳ್ಳುವುದು ದುಡಿಮೆಯಿಂದ ಮಾತ್ರ. ಬಲೆ ಕಟ್ಟುವ ದಿನವೇ ಅದನ್ನು ಹೊಲಿಯುವ ಕೈಯನ್ನೂ ಗೊತ್ತುಮಾಡಬೇಕು. ಚುಂಗುಂಗೊದ ಮೇಲೆ ಮಂಜು ಇಂದಿಗೂ ಹಾದುಹೋಗುತ್ತದೆ.