ಔಷಧದೊಡನೆ ಕೊಡಬೇಕಾದ ಮಾತು

ರೋಗಿಗೆ ವೈದ್ಯನ ಮಾತು ಮೊದಲನೆಯದಾದರೆ, ಔಷಧ ಕೊಡುವವನ ಮಾತು ಕೊನೆಯದು. ಆ ಕೊನೆಯ ಮಾತು ತಪ್ಪಿದರೆ ಮೊದಲಿನ ಶ್ರಮವೆಲ್ಲ ವ್ಯರ್ಥ.

ನಮ್ಮ ಬೀದರಕ್ಕೆ ಈ ಸೇವೆಯಲ್ಲಿ ಹಳೆಯ ಹಿರಿಮೆಯುಂಟು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ ಅಹಮದನು ಇಲ್ಲಿ ಆಸ್ಪತ್ರೆಯನ್ನು ಕಟ್ಟಿಸಿ, ಹಿಂದೂ ಮುಸಲ್ಮಾನ ವೈದ್ಯರಿಬ್ಬರನ್ನೂ ನೇಮಿಸಿ, ರೋಗಿಗಳ ಔಷಧ ಆಹಾರಗಳ ವೆಚ್ಚಕ್ಕೆಂದು ಗ್ರಾಮಗಳನ್ನು ಬಿಟ್ಟಿದ್ದನು. ಇಂದು ಬೀದರ, ಭಾಲ್ಕಿ, ಔರಾದ ಪೇಟೆಗಳಲ್ಲಿ ಔಷಧದ ಅಂಗಡಿಗಳಿಗೆ ಕೊರತೆಯಿಲ್ಲ. ಆದರೂ ಜನರು ಹತ್ತಿರದ ಅಂಗಡಿಯನ್ನು ದಾಟಿ ದೂರದ್ದಕ್ಕೆ ಹೋಗುವುದನ್ನು ಕಾಣುತ್ತೇವೆ. ಏಕೆ?

ಔರಾದ ಕಡೆಯ ವೃದ್ಧ ತಾಯಿಯೊಬ್ಬರು ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದರು. ಒಮ್ಮೆ ಆ ಹೆಸರಿನದು ಸಿಗದಿರಲು ಅಂಗಡಿಯವರು ಬೇರೆ ಹೆಸರಿನದನ್ನು ಕೊಟ್ಟರು. "ಅದರ ಬದಲು ಇದು" ಎಂದು ಹೇಳಲಿಲ್ಲ. ಮನೆಯಲ್ಲಿ ಉಳಿದಿದ್ದ ಹಳೆಯದನ್ನೂ ಹೊಸದನ್ನೂ ಕೂಡಿಯೇ ನುಂಗಿದ ತಾಯಿ ಮೈ ಬೆವತು, ತಲೆ ಸುತ್ತಿ ಕುಸಿದರು. ಅವರೊಡನೆ ನಾವು ಭಾಲ್ಕಿಯ ಇನ್ನೊಂದು ಅಂಗಡಿಗೆ ಹೋದೆವು. ಅಲ್ಲಿಯ ತರುಣನು ಎರಡನ್ನೂ ನೋಡಿ, ವೈದ್ಯರಿಗೆ ಫೋನು ಮಾಡಿ ಕೇಳಿ, "ತಾಯಿ, ಎರಡೂ ಒಂದೇ ಔಷಧ. ಒಂದನ್ನೇ ತೆಗೆದುಕೊಳ್ಳಿರಿ" ಎಂದು ಅವರ ಮನೆಮಾತಾದ ಮರಾಠಿಯಲ್ಲಿಯೇ ತಿಳಿಸಿದನು. ಆ ತಾಯಿ ಈಗ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಇದು ಕೇವಲ ಔದಾರ್ಯವಲ್ಲ, ಕರ್ತವ್ಯ. 2015ರ ಔಷಧಾಲಯ ವೃತ್ತಿ ನಿಯಮಗಳು ನೋಂದಾಯಿತ ಔಷಧಜ್ಞನು ರೋಗಿಗೆ ತಿಳಿವಳಿಕೆ ಕೊಡಬೇಕೆಂದೇ ವಿಧಿಸಿವೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆ ಬಡವರ ಹೊರೆ ಇಳಿಸಿದೆ. ಆದರೆ ಅಲ್ಲಿ ಔಷಧವು ಮೂಲದ್ರವ್ಯದ ಹೆಸರಿನಲ್ಲಿ ದೊರೆಯುವುದರಿಂದ, ಹೊಟ್ಟೆಯೊಳಗೆ ಒಂದೇ ಆದದ್ದು ಕಣ್ಣಿಗೆ ಬೇರೆಯಾಗಿ ತೋರುತ್ತದೆ. ಕನ್ನಡ, ಮರಾಠಿ, ಉರ್ದು, ತೆಲುಗು ಕಲೆತ ಈ ಗಡಿನಾಡಿನಲ್ಲಿ ಇಂಗ್ಲಿಷು ಅಚ್ಚಾದ ಪಟ್ಟಿ ಎಷ್ಟು ಜನರಿಗೆ ತಿಳಿದೀತು?

ಯೋಗ್ಯ ಬೆಲೆ, ಬೇಕಾದಾಗ ದೊರೆಯುವ ಔಷಧ, ಕೊಟ್ಟ ಹಣಕ್ಕೆ ರಸೀತಿ ಇವೆಲ್ಲ ಬೇಕು. ಹೆಣ್ಣುಮಕ್ಕಳು ಜನರೆದುರು ಹೇಳಲಾರದ ಬಾಧೆಯನ್ನು ಮೆಲ್ಲಗೆ ಕೇಳುವ ಸೌಜನ್ಯವೂ ಬೇಕು. ಆದರೆ ರೋಗಿಯ ನಂಬಿಕೆ ನಿಲ್ಲುವುದು ತಿಳಿಯುವಂತೆ ಹೇಳಿದ ಮಾತಿನ ಮೇಲೆ.

ಗೃಹಸ್ಥರೂ ಸುಮ್ಮನಿರಬಾರದು. ಇದು ಯಾವುದಕ್ಕೆ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ, ಹಳೆಯದನ್ನು ನಿಲ್ಲಿಸಬೇಕೋ ಎಂದು ಸಂಕೋಚವಿಲ್ಲದೆ ಕೇಳಬೇಕು. ಮನೆಯ ಹಳೆಯ ಗುಳಿಗೆಗಳನ್ನೂ ಒಯ್ದು ತೋರಿಸಬೇಕು. ಬೇಸರಿಸದೆ ಉತ್ತರಿಸುವವನ ವ್ಯಾಪಾರವೂ ಕಾಯಕವೇ ಆಗುತ್ತದೆ.