ನಾಕಕ್ಕ ಎಚ್ಚರ ಆಗತೈತ್ರಿ

ತಿಂಗಳ ಮೊದಲ ವಾರ. ಬೆಳಗಾವಿ ಕ್ಯಾಂಪಿನ ಮಿಲಿಟರಿ ಕ್ಯಾಂಟೀನಿನ ಎದುರು ಬಾಗಿಲು ತೆರೆಯುವ ಮೊದಲೇ ಮಾಜಿ ಸೈನಿಕರು ಪಾಳಿ ಹಚ್ಚಿದ್ದಾರೆ. ಗೋಕಾಕ, ಹುಕ್ಕೇರಿ, ಸಂಕೇಶ್ವರದಿಂದ ನಸುಕಿನ ಬಸ್ಸು ಹಿಡಿದು ಬಂದವರು. ಕಿಸೆಯಲ್ಲಿ ಕ್ಯಾಂಟೀನ್ ಕಾರ್ಡು, ಕಂಕುಳಲ್ಲಿ ಮಡಚಿದ ಚೀಲ. ಪಾಳಿಯಂತೂ ನೂಲು ಹಿಡಿದಷ್ಟು ನೆಟ್ಟಗೆ. ರೇಶನ್ ಅಂಗಡಿಯ ಮುಂದೆ ಇಂಥದ್ದನ್ನು ನಾನು ಕಂಡಿಲ್ಲ. ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಕಡೆಯಿಂದ ಹೊಸ ಹುಡುಗರ ಬೂಟಿನ ಸದ್ದು ತೇಲಿಬರುತ್ತಿದೆ.

ಮಾತು ಪೆನ್ಶನ್, ಮೊಣಕಾಲು ನೋವು, ಕಬ್ಬಿನ ಬಿಲ್ಲುಗಳ ಸುತ್ತ. ಒಬ್ಬನದ್ದು ಮಾತ್ರ ಮಾತಿಲ್ಲ. ನಲವತ್ತು ದಾಟಿರಲಾರದು. ಹಿಂದೆ ನಿಂತ ಬಿಳಿಮೀಸೆಯ ಸುಬೇದಾರರು ಕೆಣಕಿದರು: "ಏನೋ ತಮ್ಮಾ, ಊರು ಹಿಡಸ್ತೇನು?"

"ಹಿಡಸ್ತೈತ್ರಿ ಸಾಹೇಬ್ರ. ಮುಂಜಾನೆ ನಾಕಕ್ಕ ಎಚ್ಚರ ಆಗತೈತ್ರಿ. ಎದ್ದು ಏನ್ ಮಾಡ್ಲಿ?"

ಹದಿನೆಂಟಕ್ಕೆ ಭರ್ತಿಯಾದ ಸಿಪಾಯಿ ನಲವತ್ತರೊಳಗೆ ಮನೆಗೆ ಬಂದುಬಿಡುತ್ತಾನೆ. ನಂಬರು, ಹೆಸರು, ಪಲ್ಟನ್ ಬಿಳಿ ಬಣ್ಣದಲ್ಲಿ ಬರೆದ ಕರಿ ಟ್ರಂಕು ಅಟ್ಟ ಏರುತ್ತದೆ. ಅವನಿಲ್ಲದೆಯೇ ಸಂಸಾರ ನಡೆಸಿ ರೂಢಿಯಾದ ಹೆಂಡತಿಗೆ ಅವನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದು. ರಜೆಗೆ ಬಂದಾಗ ಕೋಳಿ ಕೊಯ್ದ ಅಣ್ಣತಮ್ಮಂದಿರು ಈಗ ಹೊಲದ ಉತಾರದ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಬ್ಯಾರಕ್ಕಿನಲ್ಲಿ ಒಂದು ಹೊತ್ತು ಊಟ ಬಿಟ್ಟರೂ ಬಡ್ಡಿಗೆ ಗೊತ್ತಾಗುತ್ತಿತ್ತು. (ಫೌಜಿನ ಬಡ್ಡಿ ಎಂದರೆ ಸಾಲದ ಬಡ್ಡಿಯಲ್ಲ, ಜೊತೆಗಾರ.) ತುಂಬಿದ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಸೇವೆಯಲ್ಲಿರುವವರ ಕಥೆಯೂ ಹಗುರವಲ್ಲ. ಐದು ವರ್ಷಗಳಲ್ಲಿ ಮೂರೂ ಪಡೆಗಳ 819 ಮಂದಿ ತಾವಾಗಿ ಜೀವ ಕಳೆದುಕೊಂಡರೆಂದು 2022ರಲ್ಲಿ ಸರ್ಕಾರ ರಾಜ್ಯಸಭೆಗೆ ತಿಳಿಸಿತು. ಅವರಲ್ಲಿ 642 ಮಂದಿ ಭೂಸೇನೆಯವರು. ಗಡಿಯ ಗುಂಡಿಗಿಂತ ಮನೆಯ ಜಗಳ, ಸಾಲ, ದಾಂಪತ್ಯದ ಬಿರುಕುಗಳದೇ ಅಲ್ಲಿ ದೊಡ್ಡ ಮಾತು. ಸುಬೇದಾರರ ಲೆಕ್ಕವೇ ಬೇರೆ: "ನಮ್ ಕಾಲದಾಗ ಪತ್ರ ಬರೂದ್ರೊಳಗ ಮನ್ಯಾಗಿನ ಜಗಳ ಆರಿರತಿತ್ತು. ಈಗ ಫೋನಿನ್ಯಾಗ ಬಿಸಿಬಿಸಿನ ಬರತೈತಿ. ರಜಾ ಸಿಗೂದಿಲ್ಲ, ಹುಡುಗ ಪೋಸ್ಟಿನ್ಯಾಗ ಕುಂತ ಕುದೀತಾನ."

ಹೇಳಿಕೊಳ್ಳಬಹುದಲ್ಲ ಎಂದೆ. ಅವರು ನಕ್ಕರು. ಸೈನಿಕನ ಆರೋಗ್ಯ ಅಳೆಯಲು ಐದು ಅಕ್ಷರಗಳುಂಟು, ಒಟ್ಟಿಗೆ 'ಶೇಪ್'. ಮೊದಲನೆಯ 'ಎಸ್' ಮನಸ್ಸಿನದು. "ಅದರಾಗ ಕ್ಯಾಟಗರಿ ಬಿತ್ತಂದ್ರ ಪ್ರಮೋಶನ್ ಹೋತು ಅನ್ನೂ ಅಂಜಿಕಿ. ಕಾಲು ಮುರದ್ರ ತೋರಸ್ತಾರ, ಇದನ್ಯಾರು ತೋರಸ್ತಾರ?"

ಆಮೇಲೆ ತಮ್ಮ ಪಲ್ಟನ್ನಿನ ಹುಡುಗನೊಬ್ಬನ ಸಂಗತಿ ತೆಗೆದರು. ರಜೆ ಮುಗಿಸಿ ಬಂದವನು ಉಣ್ಣುತ್ತಿಲ್ಲ, ಮಾತಿಲ್ಲ. ಬಡ್ಡಿ ಬಂದು ಕಿವಿಯಲ್ಲಿ ಹೇಳಿದ. ಯಾರೂ ಬೈಯಲಿಲ್ಲ. ಬಂದೂಕಿನ ಡ್ಯೂಟಿ ತಪ್ಪಿಸಿ ಲಂಗರಿನ ಅಡುಗೆಗೆ ಹಾಕಿದರು, ರಾತ್ರಿ ಒಬ್ಬನನ್ನೇ ಬಿಡಲಿಲ್ಲ, ಡಾಕ್ಟರ ಹತ್ತಿರ ಕರೆದೊಯ್ದರು. ಹೊಲದ ತಕರಾರಿಗೆ ಕರ್ನಲ್ ಸಾಹೇಬರು ಡಿ.ಸಿ.ಗೆ ಕಾಗದ ಬರೆದರು. "ಚಪಾತಿ ಲಟ್ಟಿಸ್ತಾ ಲಟ್ಟಿಸ್ತಾ ಒಂದಿನ ಅತ್ತಾ ನೋಡ್ರಿ, ಅವತ್ತಿಂದ ಸುಧಾರಿಸಿದ. ಆಮ್ಯಾಲ ನಾಯಕ್ ಆದ."

ಈಗ 14416ಕ್ಕೆ ಕರೆ ಮಾಡಿದರೆ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅದರ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು. 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಫೌಜಿನವರಿಗೆಂದೇ ಪ್ರತ್ಯೇಕ ಘಟಕವೂ ಶುರುವಾಯಿತು. ನಾನು ಅದನ್ನು ಹೇಳಿದಾಗ ಆ ಮೌನಿ ತಲೆ ಎತ್ತಲಿಲ್ಲ. ಬೂಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ.

ಸುಬೇದಾರರು ಅವನ ಹೆಗಲ ಮೇಲೆ ಕೈಯಿಟ್ಟರು. "ಅವ್ರಿಗೂ ಫೋನ್ ಹಚ್ಚು. ಮೊದಲ ನನಗ ಹಚ್ಚು. ನಾಕಕ್ಕ ನಾನೂ ಎದ್ದಿರ್ತೀನಿ."

ಅವನು ಫೋನ್ ತೆಗೆದು ನಂಬರು ಒತ್ತಿಕೊಂಡ. ಹೆಸರು ಹಾಕುವ ಜಾಗದಲ್ಲಿ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ ಕ್ಯಾಂಟೀನಿನ ಶಟರ್ ಗರಗರ ಎಂದು ಮೇಲೇರಿತು.