ಯಂತ್ರದ ಕೊನೆಯ ಮಾತು ಯಾರ ಹತ್ತಿರ ಉಳಿಯಬೇಕು?

‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.’ ನ್ಯಾಯಬೆಲೆ ಅಂಗಡಿಯಿಂದ ಸಬ್‌ರಿಜಿಸ್ಟ್ರಾರ್ ಕಚೇರಿವರೆಗೆ ಈ ಮಾತು ಕೇಳದವರು ಯಾರಿದ್ದಾರೆ? ಮರುದಿನ ಕೆಲಸ ಆಗುತ್ತೆ, ನಾವೂ ಮರೆತುಬಿಡ್ತೀವಿ. ಆದರೆ ಯಂತ್ರ ಯಾಕೆ ಬಿತ್ತು, ಬೀಳುವ ಮುಂಚೆ ಅದನ್ನು ಮುಟ್ಟಿದ್ದು ಯಾರು? ಎಲ್ಲ ಸಲವೂ ಅಲ್ಲದಿದ್ದರೂ ಎಷ್ಟೋ ಸಲ ಈ ಪ್ರಶ್ನೆಗೆ ಉತ್ತರ ಸಿಗುವುದು ತೀರಾ ಹಳೆಯ ಜಾಗವೊಂದರಲ್ಲಿ: ಸೀರಿಯಲ್ ಕನ್ಸೋಲ್‌ನಲ್ಲಿ.

ರೂಟರ್, ಸ್ವಿಚ್, ದೊಡ್ಡ ಸರ್ವರ್‌ಗಳಲ್ಲಿ ‘ಕನ್ಸೋಲ್’ ಅಂತ ಬರೆದ ಪುಟ್ಟ ಪೋರ್ಟ್ ಒಂದಿರುತ್ತದೆ. ಅದರ ಹಿಂದಿರುವ ಆರ್‌ಎಸ್-232 ಮಾನದಂಡ 1960ರ ದಶಕದ್ದು. ಚಿತ್ರ ಇಲ್ಲ, ಮೌಸ್ ಇಲ್ಲ, ಅಕ್ಷರದ ಹಿಂದೆ ಅಕ್ಷರ, ಅಷ್ಟೇ. ಇಷ್ಟು ಹಳೆಯದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಅಂದರೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಯಂತ್ರ ಎದ್ದೇಳುವಾಗಿನ ಮೊದಲ ಸಾಲು, ಮೆಮೊರಿ ಕೆಟ್ಟಾಗಿನ ದೂರು, ಕುಸಿದು ಬೀಳುವಾಗಿನ ಕೊನೆಯ ಸಂದೇಶ ಎಲ್ಲವೂ ಇಲ್ಲಿ ಬರುತ್ತವೆ. ನೆಟ್‌ವರ್ಕೇ ಸತ್ತಾಗ ನೆಟ್‌ವರ್ಕ್ ಮೂಲಕ ಲಾಗ್ ಕಳಿಸೋಕೆ ಆಗಲ್ಲವಲ್ಲ!

ತೊಂದರೆ ಏನೆಂದರೆ, ಈ ತಂತಿ ಒಂದು ಮಾತನ್ನು ಒಂದೇ ಸಲ ಹೇಳುತ್ತದೆ. ಆಗ ಕೇಳಿಸಿಕೊಳ್ಳಲು ಯಾರೂ ಇಲ್ಲದಿದ್ದರೆ ಆ ಮಾತು ಹೋಯಿತು. ಅದಕ್ಕೇ ಕನ್ಸೋಲ್ ಸರ್ವರ್‌ಗಳನ್ನು ಬಳಸುತ್ತಾರೆ. ಈ ಪೆಟ್ಟಿಗೆಯ ಒಂದು ಕಡೆ ಹತ್ತಾರು ಸೀರಿಯಲ್ ಪೋರ್ಟ್‌ಗಳು, ಇನ್ನೊಂದು ಕಡೆ ಈಥರ್ನೆಟ್. ಬೆಂಗಳೂರಿನಲ್ಲಿ ಕೂತವರು ಬೀದರಿನ ಸ್ವಿಚ್‌ನ ಕನ್ಸೋಲ್ ತೆರೆಯಬಹುದು. ಯಾರೂ ತೆರೆಯದಿದ್ದಾಗಲೂ ಬಂದ ಅಕ್ಷರಗಳನ್ನೆಲ್ಲ ಅದು ಬರೆದಿಟ್ಟುಕೊಳ್ಳಬಲ್ಲದು.

ಎಷ್ಟು ಹೊತ್ತಿನದು? ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯ ವೇಗವಾದ 9600 ಬಾಡ್‌ನಲ್ಲಿ, ಒಂದು ಅಕ್ಷರಕ್ಕೆ 10 ಬಿಟ್‌ನಂತೆ ಸೆಕೆಂಡಿಗೆ 960 ಅಕ್ಷರ ಹರಿಯುತ್ತವೆ. ಒಂದು ಪೋರ್ಟ್‌ಗೆ 64 ಕಿಲೋಬೈಟ್ ಜಾಗ ಇದೆ ಎಂದುಕೊಳ್ಳಿ. ಎಡೆಬಿಡದೆ ಹರಿದರೆ ಸುಮಾರು 68 ಸೆಕೆಂಡಿನಲ್ಲಿ ಅದು ಭರ್ತಿ. ಆಮೇಲೆ ಹೊಸದು ಹಳೆಯದರ ಮೇಲೆ ಕೂರುತ್ತದೆ. ಕೆಟ್ಟ ಯಂತ್ರ ಮತ್ತೆ ಮತ್ತೆ ರೀಬೂಟ್ ಆಗುತ್ತಿದ್ದರೆ, ಕೆಡಲು ಕಾರಣವಾದ ಮೊದಲ ಸಾಲನ್ನೇ ಅದರ ಗಲಾಟೆ ಅಳಿಸಿಹಾಕುತ್ತದೆ. ಹಾಗಾಗಿ ಬಂದ ಸಾಲನ್ನು ಬಂದ ಕ್ಷಣವೇ ಬೇರೆ ಕಡೆ ಇರುವ ಲಾಗ್ ಸರ್ವರ್‌ಗೆ ಕಳಿಸಬೇಕು, ಸರಿಯಾದ ಸಮಯದ ಮುದ್ರೆಯೊಂದಿಗೆ.

ಆಮೇಲಿನದು ಓದುವ ಕೆಲಸ. ಕೇಳದೇ ಆದ ರೀಬೂಟ್, ರಾತ್ರಿ ಎರಡಕ್ಕೆ ಆದ ಲಾಗಿನ್, ಯಾವ ಕೆಲಸದ ಆದೇಶಕ್ಕೂ ಹೊಂದದ ಕಮಾಂಡ್, ಇವನ್ನು ಹುಡುಕಬೇಕು. ಮೌನವನ್ನೂ ಓದಬೇಕು. ಯಂತ್ರ ಸುಮ್ಮನಿತ್ತೋ, ತಂತಿಯನ್ನೇ ಯಾರಾದರೂ ಕಿತ್ತಿದ್ದರೋ? ‘ಕನ್ಸರ್ವರ್’ ಎಂಬ ಮುಕ್ತ ತಂತ್ರಾಂಶದಲ್ಲಿ ಲಾಗ್‌ನೊಳಗೆ ಆಗಾಗ ಸಮಯದ ಗುರುತು ಬರೆಸುವ ಸೌಲಭ್ಯವಿದೆ. ಅದು ಕಾಣದಿದ್ದರೆ ದಾಖಲೆ ಬರೆಯುವವನೇ ನಿಂತುಹೋಗಿದ್ದಾನೆ ಎಂದರ್ಥ. ಸಾಮಾನ್ಯವಾಗಿ ಪಾಸ್‌ವರ್ಡ್ ತೆರೆಯ ಮೇಲೆ ಮೂಡುವುದಿಲ್ಲ, ನಿಜ. ಆದರೆ ಯಾರೋ ಕಾನ್ಫಿಗರೇಷನ್ ತೆರೆದು ನೋಡಿದರೆ ಅದರೊಳಗಿನ ಗುಟ್ಟುಗಳು ಲಾಗ್‌ಗೆ ಬಂದುಬಿಡಬಹುದು. ಹಾಗಾಗಿ ಲಾಗ್‌ಗೂ ಬೀಗ ಬೇಕು.

ಇದೆಲ್ಲ ಬರೀ ಇಂಜಿನಿಯರ್‌ಗಳ ತಲೆನೋವು ಅನಿಸಿದರೆ ಉಕ್ರೇನ್ ನೋಡಿ. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ನುಗ್ಗಿದವರು ದೂರದಿಂದಲೇ ಬ್ರೇಕರ್‌ಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರ ಮನೆಗಳಲ್ಲಿ ಕರೆಂಟ್ ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. ಸಬ್‌ಸ್ಟೇಷನ್‌ಗಳಲ್ಲಿ ಸೀರಿಯಲ್ ತಂತಿಯನ್ನು ಈಥರ್ನೆಟ್‌ಗೆ ಜೋಡಿಸುತ್ತಿದ್ದ ಪೆಟ್ಟಿಗೆಗಳ ಫರ್ಮ್‌ವೇರನ್ನು ಕೆಡಿಸಿದರು, ಕಂಪ್ಯೂಟರ್‌ಗಳ ಡಿಸ್ಕ್ ಅಳಿಸಿದರು. ದೂರದಿಂದ ಕರೆಂಟ್ ಮತ್ತೆ ಕೊಡುವ ದಾರಿಯೇ ಮುಚ್ಚಿತು. ಸಿಬ್ಬಂದಿ ಜಾಗಕ್ಕೇ ಹೋಗಿ ಕೈಯಾರೆ ಬ್ರೇಕರ್ ಹಾಕಬೇಕಾಯಿತು.

ಈ ಪೆಟ್ಟಿಗೆಗಳು ಕನ್ಸೋಲ್ ಸರ್ವರ್‌ನ ದಾಯಾದಿಗಳೇ. ನನಗೆ ಇಲ್ಲಿ ಕಾಣುವ ಪಾಠ ಇಷ್ಟು: ದಾಖಲೆ ಇಡುವ ಪೆಟ್ಟಿಗೆಯೂ ದಾಳಿಗೆ ಸಿಗಬಹುದು, ಆದ್ದರಿಂದ ದಾಖಲೆ ಅದರ ಹೊರಗಿರಬೇಕು.

ನಮ್ಮಲ್ಲಿ ನಿಯಮ ಇಲ್ಲವಾ? ಇದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಕಂಪನಿಗಳೂ ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಹೊಂದಿಸಬೇಕು, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಒಳ್ಳೆಯದೇ. ಆದರೆ ಆ ವರದಿ ಹೋಗುವುದು ಮೇಲಕ್ಕೆ, ನಮ್ಮ ಕಡೆಗಲ್ಲ. 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿ ಪಟ್ಟಿಗೆ ಸೇರಿಸಲಾಯಿತು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿ ಬಿಟ್ಟರೆ ಅಲ್ಲಿ ಪ್ರಶ್ನೆ ಕೇಳಿ ಉಪಯೋಗವಿಲ್ಲ.

‘ಲಾಗ್ ಬಯಲಿಗಿಟ್ಟರೆ ಕಳ್ಳರಿಗೇ ದಾರಿ ತೋರಿಸಿದಂತೆ’ ಅನ್ನುವ ವಾದವನ್ನು ನಾನು ಒಪ್ಪುತ್ತೇನೆ. ಕಚ್ಚಾ ಲಾಗ್ ಯಾರಿಗೂ ಬೇಡ. ಆದರೆ ವಿಮಾನ ಬಿದ್ದರೆ ಕಾಕ್‌ಪಿಟ್ ಧ್ವನಿಮುದ್ರಣವನ್ನು ಊರಿಗೆಲ್ಲ ಕೇಳಿಸದೆಯೂ ತನಿಖಾ ವರದಿ ಪ್ರಕಟಿಸುತ್ತಾರೆ. ಉಕ್ರೇನ್ ಬಗ್ಗೆ ನಾನು ಇಷ್ಟಾದರೂ ಬರೆಯಲು ಆಗಿದ್ದು ಅಲ್ಲಿನ ತನಿಖೆಯ ವಿವರಗಳು ಹೊರಬಂದಿದ್ದರಿಂದ. ಯಂತ್ರ ನಡೆಸುವವರು ಬೇರೆ, ಲಾಗ್ ಓದುವವರು ಬೇರೆ ಆಗಿರಬೇಕು. ಓದಿ ಕಂಡ ಕಾರಣ ಜನರಿಗೆ ತಿಳಿಯಬೇಕು.

ರಾಜ್ಯದ ಇಲಾಖೆಗಳು, ಎಸ್ಕಾಂಗಳು ಇವತ್ತಿಗೂ ಮಾಹಿತಿ ಹಕ್ಕಿನ ವ್ಯಾಪ್ತಿಯಲ್ಲಿವೆ. ಮುಂದಿನ ಸಲ ಸೇವೆ ದಿನಗಟ್ಟಲೆ ನಿಂತರೆ ಲಾಗ್ ಕೇಳಬೇಡಿ, ಈ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಗಂಟೆ ನಿಂತಿತ್ತು? ಕಾರಣ ಏನೆಂದು ದಾಖಲಾಗಿದೆ? ಆ ದಾಖಲೆಯನ್ನು ಯಾರು ಪರಿಶೀಲಿಸಿದರು? ಅವರು, ಯಂತ್ರ ನಡೆಸುವ ಗುತ್ತಿಗೆದಾರರು ಒಬ್ಬರೇನಾ? ಭದ್ರತೆಯ ನೆಪ ಹೇಳಿ ತಳ್ಳಿಹಾಕಲು ಈ ಪ್ರಶ್ನೆಗಳಲ್ಲಿ ಯಾವ ಗುಟ್ಟೂ ಇಲ್ಲ.